ಬಿಸಿಲಿರುವಾಗಲೇ ಮಳೆಗಾಲದ ಕೆಲಸ

ತೀರ್ಥಹಳ್ಳಿ, ಹೊಸನಗರ ಕಡೆಯ ಕಾಡಂಚಿನ ಹಳ್ಳಿಗಳಿಗೆ ಹೊಸದಾಗಿ ಬಂದು ಸಂಸಾರ ಹೂಡುವವರು ನಮ್ಮಂತಹ ಹಳಬರನ್ನು ಮೊದಲು ಕೇಳುವುದು, ಇಲ್ಲಿ ಮಳೆ ಎಷ್ಟು ತಿಂಗಳು ಹೊಯ್ಯುತ್ತದೆ ಎಂದು. ಬಿಸಿಲು ಎಷ್ಟು ದಿನ ಸಿಗುತ್ತದೆ ಎಂಬುದನ್ನು ಮೊದಲು ಎಣಿಸಿಕೊಳ್ಳಿ ಎಂದು ನಾನು ಅವರಿಗೆ ಹೇಳುತ್ತೇನೆ. ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುವ ಮುಂಗಾರು ಸೆಪ್ಟೆಂಬರ್‌ವರೆಗೆ ಕೈಬಿಡುವುದಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ಗಳಲ್ಲಿ ಸಂಜೆಯಾದರೆ ಹಿಂಗಾರಿನ ಗುಡುಗು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗಾಳಿ, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ನಂಬಿ ಕೆಲಸ ಹಚ್ಚಿಕೊಳ್ಳಬಹುದಾದ ಒಣ ದಿನಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳು ಮಾತ್ರ, ಉಳಿದ ಎಂಟು ತಿಂಗಳ ನೆಮ್ಮದಿ ಆ ನಾಲ್ಕು ತಿಂಗಳ ದುಡಿಮೆಯಿಂದಲೇ ಬರಬೇಕು. ಈ ಮನೆಗೆ ಸೊಸೆಯಾಗಿ ಬಂದು 46 ಮಳೆಗಾಲ ಕಳೆದಿರುವ ನಾನು ಇದನ್ನು ಒಂದೆರಡು ಬಾರಿ ನಷ್ಟ ಮಾಡಿಕೊಂಡೇ ಕಲಿತೆ.

ಮಳೆಯ ಅಳತೆ ಇಲ್ಲಿ ಊರಿಂದೂರಿಗೆ ಬದಲಾಗುತ್ತದೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರುವಾಗ ತಣಿದು ಮಳೆಯಾಗಿ ಸುರಿಯುತ್ತದೆ, ಘಟ್ಟದ ನೆತ್ತಿ ದಾಟಿ ಮೂಡಣಕ್ಕೆ ಇಳಿಯುವ ಹೊತ್ತಿಗೆ ಅದರ ಹೊರೆ ಬಹುಪಾಲು ಖಾಲಿಯಾಗಿರುತ್ತದೆ. ಘಟ್ಟದ ಅಂಚಿನಲ್ಲೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಆಗುವುದಿಲ್ಲ. ಆದ್ದರಿಂದ ನೆಂಟರ ಊರಿನ ಲೆಕ್ಕವನ್ನು ನಿಮ್ಮ ಮನೆಗೆ ತರಬೇಡಿ. ಬಾಯಿಯೂ ತಳವೂ ಒಂದೇ ಅಗಲವಿರುವ ಪಾತ್ರೆಯೊಂದನ್ನು ಮರದ ಹನಿ ಬೀಳದ ಬಯಲಿನಲ್ಲಿಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಡಿಪಟ್ಟಿಯಿಂದ ನೀರಿನ ಎತ್ತರ ಅಳೆದು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡಿ. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಜುಲೈ ತಿಂಗಳಲ್ಲಿ ಒಂದೇ ದಿನ 100 ಮಿ.ಮೀ. ಹೊಯ್ಯುವುದು ನಮ್ಮಲ್ಲಿ ಅಪರೂಪವೇನಲ್ಲ, ಅಂತಹ ದಿನ 100 ಚದರ ಮೀಟರ್ ಹರಡಿಕೊಂಡ ಮಾಡಿನಿಂದ, ಅಂದರೆ ಮನೆಯ ಚಾವಣಿಯಿಂದ, 10,000 ಲೀಟರ್ ನೀರು ಅಂಗಳಕ್ಕೆ ಇಳಿಯುತ್ತದೆ. ಮನೆಯ ಸುತ್ತಲಿನ ಚರಂಡಿಯನ್ನು ಎಷ್ಟು ಅಗಲ ತೆಗೆಯಬೇಕು, ಮನೆಯ ಹಿಂದಿನ ಧರೆಯ (ಎತ್ತರದ ಮಣ್ಣಿನ ದಿಣ್ಣೆಯ) ಕಡೆಯಿಂದ ಬರುವ ನೀರನ್ನು ಎಲ್ಲಿ ತಿರುಗಿಸಬೇಕು ಎಂಬುದು ಈ ಲೆಕ್ಕವಿದ್ದವರಿಗೆ ತಾನಾಗಿ ತಿಳಿಯುತ್ತದೆ.

ಕೆಲಸದ ಆರಂಭ ಜನವರಿಯಲ್ಲಿ, ಸೌದೆಯಿಂದ. ಜನವರಿಯೊಳಗೆ ಕಡಿದು ಸೀಳಿದ ಕಟ್ಟಿಗೆ ಮಾತ್ರ ಮಳೆಗಾಲದ ಹೊತ್ತಿಗೆ ಸರಿಯಾಗಿ ಒಣಗಿರುತ್ತದೆ. ಮೇ ತಿಂಗಳಲ್ಲಿ ಅವಸರದಿಂದ ಒಟ್ಟಿದ ಹಸಿ ಕಟ್ಟಿಗೆ ಆಗಸ್ಟ್‌ನಲ್ಲಿ ಮನೆ ತುಂಬ ಹೊಗೆ ಎಬ್ಬಿಸಿ, ಅಡುಗೆ ಮಾಡುವವರ ಕಣ್ಣು ಮತ್ತು ಎದೆಯನ್ನು ಕೆಡಿಸುತ್ತದೆ. ಸೌದೆಯನ್ನು ನೆಲಕ್ಕೆ ತಾಗಿಸದೆ ಕಲ್ಲು ಅಥವಾ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟಬೇಕು, ಹಾಗೆ ಮಾಡಿದರೆ ಗೆದ್ದಲಿನ ಕಾಟವೂ ಕಡಿಮೆ. ಮಾಡು ಕೈಯಾಡಿಸುವುದನ್ನು, ಅಂದರೆ ಹಂಚು ತೆಗೆದು ತೊಳೆದು ಮತ್ತೆ ಹೊದಿಸುವುದನ್ನು, ಮಾರ್ಚ್ ಕೊನೆಯೊಳಗೆ ಮುಗಿಸಿ. ಮಂಗಳೂರು ಹಂಚು ನೀರನ್ನು ತಡೆಯುವುದು ಒಂದರ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಇನ್ನೊಂದು ಸರಿಯಾಗಿ ಕೂತಾಗ ಮಾತ್ರ. ಗಾಡಿಯಲ್ಲಿ ತರಗೆಲೆಯೋ ಮಣ್ಣೋ ನಿಂತರೆ, ಮಂಗಗಳು ಹಾರಿ ಹಂಚು ನಾಲ್ಕು ಬೆರಳು ಸರಿದರೆ, ಒಡೆದ ಹಂಚು ಒಂದೂ ಇಲ್ಲದ ಮನೆಯೂ ಸೋರುತ್ತದೆ. ಹಂಚು ತೊಳೆಯುವಾಗ ಪಕಾಸಿಯ (ಹಂಚನ್ನು ಹೊರುವ ಮರದ ತೊಲೆಯ) ತುದಿಯನ್ನು ಚೂರಿಯಿಂದ ಚುಚ್ಚಿ ನೋಡಿ, ಮೆತ್ತಗಾಗಿದ್ದರೆ ಆಗಲೇ ಬದಲಾಯಿಸಿ.

ಒಣಹವೆಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಕದಗಳದ್ದು. ಮದುವೆಯಾಗಿ ಬಂದ ಮೂರನೆಯ ಮಳೆಗಾಲದಲ್ಲಿ ದೇವರ ಕೋಣೆಯ ಬಾಗಿಲು ಉಬ್ಬಿ ಮುಚ್ಚಲಾಗದಾಗ, ನಾನು ಹಟ ಹಿಡಿದು ಜುಲೈ ತಿಂಗಳಲ್ಲೇ ಅದರ ಅಂಚನ್ನು ಹೆರೆಸಿದೆ. ಜನವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಇಲಿ ನುಸುಳುವಷ್ಟು ಸಂದು ಬಿತ್ತು, ಕೊನೆಗೆ ಇಡೀ ಹಲಗೆಯನ್ನೇ ಬದಲಾಯಿಸಬೇಕಾಯಿತು. ಮಳೆಗಾಲದಲ್ಲಿ ಕದ ಎಲ್ಲಿ ಹಿಡಿಯುತ್ತದೆ ಎಂಬುದಕ್ಕೆ ಸೀಮೆಸುಣ್ಣದ ಗುರುತು ಹಾಕಿಡಿ, ಬೇಸಿಗೆಯಲ್ಲಿ ಆ ಗುರುತಿನಷ್ಟೇ ಹೆರೆಸಿ ಎಣ್ಣೆ ಕುಡಿಸಿ.

ಏಪ್ರಿಲ್ ನಡುವಿನ ಅಶ್ವಿನಿಯಿಂದ ನಮ್ಮ ಹಿರಿಯರು ಮಳೆನಕ್ಷತ್ರಗಳನ್ನು ಎಣಿಸುತ್ತಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನಗಳಿಗೆ ಒಂದೊಂದು ಮಳೆಯ ಹೆಸರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಹೊಲಗದ್ದೆಯವರಿಗೆ ಎಷ್ಟು ಸಂತೋಷವೋ, ಹಪ್ಪಳ ಹಚ್ಚಿದವರಿಗೆ ಅಷ್ಟೇ ಎಚ್ಚರ. ಹಲಸಿನ ಹಪ್ಪಳ, ಸಂಡಿಗೆ, ಮುರುಗಲ ಸಿಪ್ಪೆ ಇವುಗಳನ್ನೆಲ್ಲ ಬೆಳಗಿನ ಒಂಬತ್ತಕ್ಕೆ ಬಿಸಿಲಿಗೆ ಹಾಕಿ, ಮಧ್ಯಾಹ್ನ ಎರಡರ ನಂತರ ಧಗೆ ಬಿಗಿದು ಗಾಳಿ ನಿಂತಿತೆಂದರೆ ಮೋಡ ಕಾಣುವ ಮೊದಲೇ ಎತ್ತಿಬಿಡಬೇಕು. ಅರ್ಧ ಒಣಗಿದ್ದು ಒಮ್ಮೆ ನೆನೆದರೆ ಎಷ್ಟೇ ಬಿಸಿಲು ಕಾಣಿಸಿದರೂ ಬೂಷ್ಟಿನ ವಾಸನೆ ಬಿಡುವುದಿಲ್ಲ. ಸಿಡಿಲಿನ ವಿಷಯದಲ್ಲಿ ಮಾತ್ರ ಹಪ್ಪಳದ ಚಿಂತೆಯನ್ನೂ ಬಿಡಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಅಂಗಳದಲ್ಲೂ ಮರದಡಿಯಲ್ಲೂ ನಿಲ್ಲದೆ ಒಳಗೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಹೋಗಬೇಡಿ. ಗುಡುಗುವಾಗ ಸ್ನಾನ ಮಾಡುವುದು, ಸ್ಥಿರ ದೂರವಾಣಿ ಹಿಡಿಯುವುದು ಬೇಡ. ಟಿ.ವಿ., ಪಂಪು, ಇನ್ವರ್ಟರ್‌ಗಳ ಪ್ಲಗ್ಗನ್ನು ಮಿಂಚು ಹತ್ತಿರ ಬರುವ ಮೊದಲೇ ತೆಗೆದಿಡಿ.

ಇನ್ನು ಮುಂಗಾರು. ಮೃಗಶಿರದಲ್ಲಿ ಹಿಡಿದ ಮಳೆ ಆರಿದ್ರೆಗೆ ಜಡಿ ಕಟ್ಟುತ್ತದೆ, ಪುನರ್ವಸು ಮತ್ತು ಪುಷ್ಯದಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಮನೆಯನ್ನು ಕೆಡಿಸುವುದು ಸುರಿದು ಹೋಗುವ ಮಳೆಗಿಂತ, ಸುರಿದ ಮೇಲೆ ಒಳಗೆ ನಿಲ್ಲುವ ತೇವ. ಗಾಳಿ ಪಡುವಣದಿಂದಲೂ ನೈಋತ್ಯದಿಂದಲೂ ಬೀಸುವುದರಿಂದ ಆ ದಿಕ್ಕಿನ ಗೋಡೆಗೆ ಎರಚಲು ಹೊಡೆಯುತ್ತದೆ. ಹಿಂದೆ ಪ್ರತಿ ಮನೆಯಲ್ಲೂ ಮೇ ಕೊನೆಯಲ್ಲಿ ಅಲ್ಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಕಟ್ಟುವವರು ಅದನ್ನು ಗೋಡೆಗೆ ಅಂಟಿಸದೆ ಒಂದು ಅಡಿ ದೂರ ನಿಲ್ಲಿಸಬೇಕು, ಅಂಟಿಸಿದರೆ ಗೋಡೆಯ ಬೆವರು ಆರದೆ ಗಾರೆ ಉದುರುತ್ತದೆ. ಬಚ್ಚಲ ಒಲೆಯನ್ನು ದಿನಕ್ಕೆ ಎರಡು ಹೊತ್ತು ಉರಿಸಿ. ಬಿಸಿನೀರಿಗೆ ಗೀಸರ್ ಇದೆಯಲ್ಲ ಎಂದು ಒಲೆಯನ್ನೇ ತೆಗೆದ ಮನೆಗಳಲ್ಲಿ ಬಟ್ಟೆ ಒಣಗುವುದಕ್ಕೂ ಅಟ್ಟದ ಸಾಮಾನು ಬೆಚ್ಚಗಿರುವುದಕ್ಕೂ ದಾರಿಯಿಲ್ಲದಂತಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ಅದರಿಂದ ಹೊರಡುವ ನೀರೆಲ್ಲ ಹಾಸಿಗೆಗೂ ಗೋಡೆಗೂ ಸೇರುತ್ತದೆ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ. ರೇಷ್ಮೆ ಸೀರೆ, ಕಾಗದಪತ್ರ, ಪುಸ್ತಕಗಳು ಕಪಾಟಿನ ಮೇಲಿನ ಅರೆಯಲ್ಲಿರಲಿ, ಮಳೆ ಬಿಟ್ಟು ಹೊಳವಾದ ದಿನ ಕಪಾಟಿನ ಬಾಗಿಲನ್ನು ಒಂದೆರಡು ತಾಸು ತೆರೆದಿಡಿ, ಜಡಿ ಹಿಡಿದಾಗ ಮುಚ್ಚಿಡಿ. ಉಪ್ಪು, ಬೆಲ್ಲ, ಬೆಂಕಿಪೊಟ್ಟಣಗಳಿಗೆ ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು. ಒದ್ದೆ ಚಮಚ ತಾಗಿದ ಉಪ್ಪಿನಕಾಯಿ ಈ ಹವೆಯಲ್ಲಿ ಒಂದು ವಾರ ತಡೆಯುವುದಿಲ್ಲ.

ಹಿರಿಯರಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಾಲು ಜಾರುವ ಜಾಗಗಳನ್ನು. ಬಾವಿಕಟ್ಟೆ, ಕೊಟ್ಟಿಗೆಯ ದಾರಿ, ಬಚ್ಚಲ ಹೊರಗಿನ ಕಲ್ಲು ಹತ್ತು ದಿನಕ್ಕೆ ಪಾಚಿಗಟ್ಟುತ್ತವೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಿರಿ, ನಡೆಯುವ ದಾರಿಗೆ ಅಡಿಕೆ ದಬ್ಬೆಯನ್ನು ಅಡ್ಡಡ್ಡ ಹಾಸಿ. ಬಾವಿಯ ನೀರು ಮೇಲೇರಿ ಬಣ್ಣ ತಿರುಗಿದಾಗ ಅದನ್ನು ಕುದಿಸದೆ ಯಾರಿಗೂ ಕೊಡಬೇಡಿ. ಗದ್ದೆ, ತೋಟ, ಕೊಟ್ಟಿಗೆಯ ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿ ಇಲಿಜ್ವರ ಬರುವುದರಿಂದ, ಕಾಲಿನಲ್ಲಿ ಗಾಯವಿರುವವರು ಬೂಟು ಹಾಕದೆ ಇಳಿಯಬಾರದು. ಜ್ವರದ ಜೊತೆ ಮೀನಖಂಡ ವಿಪರೀತ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಕಷಾಯದಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಇಷ್ಟೆಲ್ಲ ಗಾಬರಿ ಬೇಡ, ಉಗುರಿನಿಂದ ಬಾಯಿಯ ಕಡೆಯನ್ನು ಸರಿಸಿದರೆ ಬಿಡುತ್ತದೆ, ಆ ಗಾಯವನ್ನು ಸೋಪಿನಲ್ಲಿ ತೊಳೆದರೆ ಸಾಕು.

ಆಗಸ್ಟ್ ಕೊನೆಯ ಮಘೆಯ ಹೊತ್ತಿಗೆ ನಡುನಡುವೆ ಹೊಳವಾಗುತ್ತದೆ. ಆ ಒಂದೊಂದು ತಾಸಿನ ಬಿಸಿಲನ್ನೂ ಕಂಬಳಿ, ದಿಂಬುಗಳಿಗೆ ಕೊಡಿ. ಅಕ್ಟೋಬರ್‌ನ ಹಿಂಗಾರು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಅಡಿಕೆ ಕೊಯ್ಲು ಅದೇ ಸಮಯಕ್ಕೆ ಶುರುವಾಗುವುದರಿಂದ, ಹೊರಗೆ ಅಡಿಕೆ ಒಣಗಿಸುವ ಅಟ್ಟದ ಮೇಲೆ ಹೊದಿಸುವ ಹಾಳೆಯನ್ನು ಮಡಚಿ ಒಳಗಿಡದೆ ಅಟ್ಟದ ತಲೆಯಲ್ಲೇ ಸುರುಳಿ ಸುತ್ತಿ ಕಟ್ಟಿರಬೇಕು. ಅಂಗಳ ಕೆತ್ತಿ, ತಟ್ಟಿ, ಸಗಣಿ ಸಾರಿಸುವುದನ್ನು ಮಾತ್ರ ಸ್ವಾತಿ ಮಳೆ ಕಳೆಯುವವರೆಗೆ ಮುಂದೂಡಿ.

ಡಿಸೆಂಬರ್, ಜನವರಿಗಳಲ್ಲಿ ಕಣಿವೆಯ ತಗ್ಗಿನ ಮನೆಗಳಿಗೆ ದಿಬ್ಬದ ಮನೆಗಳಿಗಿಂತ ಚಳಿ ಹೆಚ್ಚು, ಏಕೆಂದರೆ ಇರುಳಿನಲ್ಲಿ ತಣಿದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಮಂಜು ಆರುವವರೆಗೆ ಏನನ್ನೂ ಹೊರಗೆ ಹರವಬೇಡಿ. ಈ ಒಣಗಾಲಕ್ಕೆ ಅದರದೇ ಆದ ಅಪಾಯವೊಂದು ಅಂಟಿಕೊಂಡಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ರಕ್ತ ಹೀರುವ ಉಣ್ಣೆ ಹುಳಗಳಿಂದ ಹರಡುತ್ತದೆ, ಕಾಡಿನ ತರಗೆಲೆಯಲ್ಲಿ ಮರಿ ಉಣ್ಣೆಗಳು ಹೆಚ್ಚುವುದು ಮಳೆ ನಿಂತು ನೆಲ ಒಣಗಿದ ಈ ತಿಂಗಳುಗಳಲ್ಲೇ. ದರಗು (ತರಗೆಲೆ) ಗುಡಿಸಲು, ಸೌದೆ ತರಲು ಹೋಗುವವರು ಮೈ ತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿವಾರಕ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು ಹೋಗಬೇಕು, ಬಂದ ಕೂಡಲೇ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ತಂದ ದರಗಿನ ರಾಶಿಯನ್ನು ಮನೆಯ ಗೋಡೆಗೆ ಒತ್ತಿ ಹಾಕದೆ, ಮಕ್ಕಳು ಆಡುವ ಜಾಗದಿಂದ ದೂರದ ಗೊಬ್ಬರದ ಗುಂಡಿಯ ಬಳಿ ಇಳಿಸಿ.