ಬಿಸಿನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್‌ನಿಂದ ಸ್ಕ್ರೂಡ್ರೈವರ್‌ಗೆ ಹೊಸ ಹಿಡಿ

ಕಾಳಿನ ರೂಪದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಈ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಸಾಧಾರಣ ಹಿಡಿಗೆ 30 ಗ್ರಾಂ ಕಾಳು ಸಾಕು. ಗಾಜಿನ ಬಟ್ಟಲಲ್ಲಿ 65–70 ಡಿಗ್ರಿಯ ನೀರು ತುಂಬಿ ಕಾಳು ಉದುರಿಸಿ. ಪ್ಲಾಸ್ಟಿಕ್ ಪಾತ್ರೆ ಬೇಡ, ಅಂಟಿಕೊಳ್ಳಬಹುದು. ಬಿಳಿ ಕಾಳು ಪೂರ್ತಿ ಪಾರದರ್ಶಕವಾದ ಮೇಲೆ ಚಮಚದಿಂದ ತೆಗೆದು, ಚಪಾತಿ ಹಿಟ್ಟಿನಂತೆ ಮಡಚಿ ಮಡಚಿ ಒತ್ತಿ. ಒಳಗೆ ಉಳಿದ ಬಿಸಿನೀರು ಕೈ ಸುಡುತ್ತದೆ, ಹಿಡಿಯೊಳಗೆ ಟೊಳ್ಳನ್ನೂ ಬಿಡುತ್ತದೆ.

ಸ್ಕ್ರೂಡ್ರೈವರ್‌ನ ತಣ್ಣನೆಯ ನುಣುಪು ಸರಳಿಗೆ ಮೆತ್ತಿದರೆ ಹಿಡಿ ಗಟ್ಟಿಯಾಗಿ ಕೂರುವುದಿಲ್ಲ, ತಿರುಗಿಸಿದಾಗ ಜಾರುತ್ತದೆ. ಹಾಗಾಗಿ ಸರಳಿನ ಹಿಡಿ ಕೂರುವ ತುದಿಯನ್ನು ಅರದಿಂದ ಉಜ್ಜಿ ಒರಟು ಮಾಡಿ, ಬಿಸಿನೀರಲ್ಲಿ ಅದ್ದಿ, ಒರೆಸಿ, ಕೂಡಲೇ ಮೆತ್ತಿ. ಮುಷ್ಟಿಯಲ್ಲಿ ಹಿಡಿದು ಬೆರಳಿನ ಅಚ್ಚು ಮೂಡಿಸಿ, ಮತ್ತೆ ಬಿಳಿಯಾಗುವ ತನಕ ತಣ್ಣೀರಲ್ಲಿಡಿ. ಆಕಾರ ಸರಿಬರಲಿಲ್ಲವೇ? ಪುನಃ ಬಿಸಿನೀರಿಗೆ ಹಾಕಿ, ಏನೂ ವ್ಯರ್ಥವಾಗದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇದನ್ನು ಬಿಡಬೇಡಿ, ವಿದ್ಯುತ್ ಕೆಲಸಕ್ಕಂತೂ ಬಳಸಲೇಬೇಡಿ.