15 ಇಂಚಿನ ಆಸೆ, 14 ಇಂಚಿನ ಬುದ್ಧಿ

ನನ್ನ ಟಾಟಾ ಟಿಯಾಗೊ ಇವಿಗೆ, ಅಂದರೆ ಬ್ಯಾಟರಿ ಕಾರಿಗೆ, ಕಂಪನಿಯಿಂದ ಬಂದಿದ್ದು 14 ಇಂಚಿನ ಸ್ಟೀಲ್ ರಿಮ್, ಅದರ ಮೇಲೊಂದು ಪ್ಲಾಸ್ಟಿಕ್ ಕವರ್. ದೂರದಿಂದ ನೋಡಿದರೆ ಅಲಾಯ್ ಅಂತಲೇ ಅನ್ನಿಸುತ್ತದೆ. ಮನೆಗೆ ಬಂದ ನೆಂಟರು ಮಾತ್ರ ಬೆರಳಲ್ಲಿ ಕುಟ್ಟಿ, "ಓ, ಪ್ಲಾಸ್ಟಿಕ್ಕಾ ಇದು?" ಅನ್ನುತ್ತಾರೆ. ಮೂರನೇ ಸಲ ಯಾರೋ ಹಾಗೆ ಕುಟ್ಟಿದಾಗ ಅಲಾಯ್ ಹಾಕಿಸಲೇಬೇಕು ಅಂತ ತೀರ್ಮಾನ ಮಾಡಿದೆ. ಕಾರಿಗೆ ಬೇಕಿತ್ತು ಅಂತಲ್ಲ, ನನಗೆ ಬೇಕಿತ್ತು.

ಮೈಸೂರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಆ ರಸ್ತೆಯಲ್ಲಿ ಕಾರಿನ ಸಾಮಾನಿನ ಅಂಗಡಿಗಳಿಗೆ ಲೆಕ್ಕವೇ ಇಲ್ಲ. ಹೋಗುವ ಮುಂಚೆ ಒಂದಿಷ್ಟು ಲೆಕ್ಕ ಹಾಕಿಕೊಂಡಿದ್ದೆ. ಕಂಪನಿ ಟೈರ್ ಸೈಜು 175/65 ಆರ್14. 175 ಮಿ.ಮೀ. ಅಗಲ, ಅದರ 65 ಪರ್ಸೆಂಟ್ ಟೈರಿನ ಪಕ್ಕದ ಗೋಡೆಯ ಎತ್ತರ. ಮೇಲೂ ಕೆಳಗೂ ಸೇರಿ ಗೋಡೆ 227 ಚಿಲ್ಲರೆ, ರಿಮ್ 356 ಹತ್ತಿರ. ಅಲ್ಲಿಗೆ ಟೈರಿನ ಒಟ್ಟು ಎತ್ತರ 583 ಮಿ.ಮೀ. ಹೊಸ ಟೈರ್ ಇದಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ.

ಇನ್ನೊಂದು ನಂಬರ್ ಲೋಡ್ ಇಂಡೆಕ್ಸ್. ಟೈರಿನ ಮೇಲೆ ಸೈಜಿನ ಪಕ್ಕದಲ್ಲೇ ಇರುತ್ತದೆ. ನನ್ನದರಲ್ಲಿ 82, ಅಂದರೆ ಒಂದು ಟೈರ್ 475 ಕೆ.ಜಿ. ಹೊರಬಲ್ಲದು. ಪೆಟ್ರೋಲ್ ಟಿಯಾಗೊದ ಮೇಲಿನ ಮಾಡೆಲ್‌ಗೆ ಬರುವ 175/60 ಆರ್15 ಸೈಜು ನೋಡಿದೆ. ಅಂಗಡಿಯಲ್ಲಿ ಸಿಕ್ಕಿದ್ದು 81, ಅಂದರೆ 462 ಕೆ.ಜಿ. ಬ್ಯಾಟರಿ ಹೊತ್ತ ಕಾರು ಪೆಟ್ರೋಲ್ ಕಾರಿಗಿಂತ ಭಾರ. ಅದಕ್ಕೆ ಇನ್ನೂ ಕಮ್ಮಿ ಹೊರುವ ಟೈರ್ ಹಾಕುವುದು ಯಾಕೋ ಸರಿ ಕಾಣಲಿಲ್ಲ. ಲೆಕ್ಕಕ್ಕೆ ಸರಿಹೋಗುತ್ತಿದ್ದದ್ದು 185/55 ಆರ್15. ಎತ್ತರ ಹೆಚ್ಚುಕಮ್ಮಿ ಅಷ್ಟೇ, ಲೋಡ್ ಕೂಡ 82. ನಾಲ್ಕು ಅಂಗಡಿ ಸುತ್ತಿದರೂ ಸಿಗಲಿಲ್ಲ. ಕೊನೆಗೆ 195/55 ಆರ್15 ತೆಗೆದುಕೊಂಡೆ. ಎತ್ತರ 595, ಎರಡು ಪರ್ಸೆಂಟ್ ಜಾಸ್ತಿ. ಲೋಡ್ 85. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು.

ರಿಮ್ ತೋರಿಸಿದ ಹುಡುಗ, "ಸಾರ್, ನಾಲ್ಕು ನಟ್ಟು, ನೂರು ಪಿಸಿಡಿ, ಆರಾಮಾಗಿ ಕೂರುತ್ತೆ" ಅಂದ. ಕೂತಿತು ಕೂಡ. ಪಿಸಿಡಿ ಅಂದರೆ ನಟ್ಟುಗಳು ಕೂರುವ ವೃತ್ತದ ಅಡ್ಡಳತೆ, ಮಿ.ಮೀ. ಲೆಕ್ಕದಲ್ಲಿ. ನಾನೂ ಆ 4×100 ಒಂದನ್ನೇ ನೋಡಿದ್ದು. ತಪ್ಪಾಗಿದ್ದು ಅಲ್ಲೇ.

ಜ್ಯಾಕ್ ಹಾಕುವಾಗಲೇ ಮೊದಲ ಗಾಬರಿ. ಹುಡುಗ ಟ್ರಾಲಿ ಜ್ಯಾಕ್ ತಂದು ಕಾರಿನ ಹೊಟ್ಟೆಯ ನಡುವೆ ತಳ್ಳುತ್ತಿದ್ದ. ಇವಿಯ ಹೊಟ್ಟೆಯಲ್ಲಿರುವುದು ಬ್ಯಾಟರಿ! "ಅಯ್ಯೋ, ಬೇಡ ಕಣಪ್ಪಾ" ಅಂತ ಕೂಗಿ, ಬಾಗಿಲ ಕೆಳಗಿನ ಜ್ಯಾಕ್ ಪಾಯಿಂಟ್ ತೋರಿಸಿದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇವಿ ಇಟ್ಟುಕೊಂಡವರು ಇದೊಂದು ಹೊತ್ತಿನಲ್ಲಿ ಟೀ ಕುಡಿಯಲು ಹೋಗಬಾರದು.

ವಾಪಸ್ ಬರುವಾಗ ಎಕ್ಸ್‌ಪ್ರೆಸ್‌ವೇನಲ್ಲಿ 80 ದಾಟುತ್ತಿದ್ದ ಹಾಗೇ ಸ್ಟೀರಿಂಗ್ ನಡುಗಲು ಶುರುವಾಯಿತು. ಎಂಜಿನ್ ಇದ್ದಿದ್ದರೆ ಅದರ ಮೇಲೆ ಹಾಕಬಹುದಿತ್ತು. ಇಲ್ಲಿ ಎಂಜಿನ್ನೇ ಇಲ್ಲ. ಮೈಸೂರಿನಲ್ಲಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ. ಇನ್ನೊಂದು ಕಡೆ ಮತ್ತೆ ಮಾಡಿಸಿದೆ, ಹೋಗಲಿಲ್ಲ. ಅಲೈನ್‌ಮೆಂಟ್ ಕೂಡ ಆಯಿತು. ಮೂರನೇ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ವೀಲ್ ಬಿಚ್ಚಿ, ನಡುವಿನ ತೂತಿನಲ್ಲಿ ಕೈಯಾಡಿಸಿ, "ರಿಂಗ್ ಎಲ್ಲಿ?" ಅಂದರು.

ಯಾವ ರಿಂಗ್? ಕಂಪನಿ ರಿಮ್ಮಿನ ನಡುವಿನ ತೂತು ಹಬ್‌ಗೆ, ಅಂದರೆ ವೀಲ್ ಕೂರುವ ಕಾರಿನ ಗುಂಬಕ್ಕೆ, ಸರಿಯಾಗಿ ಕೂರುವ ಹಾಗಿರುತ್ತದೆ. ಹೊರಗೆ ಸಿಗುವ ರಿಮ್‌ಗಳು ಹತ್ತಾರು ಕಾರಿಗೆ ಆಗಲಿ ಅಂತ ದೊಡ್ಡ ತೂತು ಇಟ್ಟಿರುತ್ತವೆ. ನನ್ನದು 73 ಮಿ.ಮೀ. ಇತ್ತು, ಹಬ್ ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ರಿಮ್ ನಟ್ಟುಗಳ ಮೇಲಷ್ಟೇ ಕೂತಿತ್ತು. ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸಾಕು, ವೇಗದಲ್ಲಿ ನಡುಕ ಬರುತ್ತದೆ. ಬ್ಯಾಲೆನ್ಸಿಂಗ್ ಮಿಷನ್ನಿಗೆ ಇದು ಗೊತ್ತಾಗುವುದೇ ಇಲ್ಲ, ಅಲ್ಲಿ ವೀಲ್ ಕೂರುವುದು ಮಿಷನ್ನಿನ ಕೋನ್ ಮೇಲೆ ತಾನೇ. ವರ್ನಿಯರ್‌ನಲ್ಲಿ ಹಬ್ ಅಳೆದು, ಆ ಸಂದಿ ತುಂಬುವ ಸರಿಯಾದ ರಿಂಗ್ ತರಿಸಿ ಹಾಕಿದ ದಿನವೇ ನಡುಕ ನಿಂತಿತು. ಅವರೇ ನಟ್ಟುಗಳನ್ನು ಎದುರುಬದುರಾಗಿ, ಕೈಯಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಟ್ಟು ಬಿಗಿದರು. ನೂರು ಕಿ.ಮೀ. ಓಡಿಸಿ ಬನ್ನಿ, ಇನ್ನೊಮ್ಮೆ ನೋಡೋಣ ಅಂದರು. ಅಲಾಯ್ ಹೊಸದರಲ್ಲಿ ಸ್ವಲ್ಪ ಕೂತುಕೊಳ್ಳುತ್ತದಂತೆ. ನಿಜವೇ, ಎರಡು ನಟ್ಟು ಸ್ವಲ್ಪ ತಿರುಗಿದವು.

ಆಮೇಲಿನ ಕಥೆ ನಂಜನಗೂಡಿನದು. ಐದು ಜನ ಕೂತು ದೇವಸ್ಥಾನಕ್ಕೆ ಹೊರಟಿದ್ದೆವು. ಪ್ರತಿ ಹಂಪ್‌ನಲ್ಲೂ ಹಿಂದಿನಿಂದ ಕರ್ ಅಂತ ಸದ್ದು. ಹೊಸ ರಿಮ್ಮಿನ ಆಫ್‌ಸೆಟ್ ಕಮ್ಮಿ, ಅಂದರೆ ವೀಲ್ ಹೊರಗೆ ಚಾಚಿತ್ತು. ಟೈರ್ ಅಗಲ ಬೇರೆ. ಭಾರ ಬಿದ್ದಾಗ ಚಕ್ರದ ಮೇಲಿನ ಕಮಾನಿನ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿತ್ತು. "ಚೆನ್ನಾಗಿ ಕಾಣ್ಲಿ ಅಂತ ದುಡ್ಡು ಕೊಟ್ಟು ಸದ್ದು ತಂದ್ರಿ" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ನಿಜವಾಗಿ ಚುಚ್ಚಿದ್ದು ಚಾರ್ಜ್. ನನ್ನದು 24 ಯೂನಿಟ್ ಬ್ಯಾಟರಿ. ಟೈರ್ ದೊಡ್ಡದಾದ ಮೇಲೆ ಮೀಟರ್ ಎರಡು ಪರ್ಸೆಂಟ್ ಕಮ್ಮಿ ಎಣಿಸುತ್ತದಲ್ಲ, ಹಾಗಾಗಿ ಮೀಟರ್ ನೋಡದೆ ದಾರಿಯನ್ನೇ ಅಳತೆ ಮಾಡಿಕೊಂಡೆ. ಮನೆಯಲ್ಲಿ ಫುಲ್ ಚಾರ್ಜ್, 80ರಲ್ಲಿ ಓಟ, ಕೆಂಗೇರಿಯಲ್ಲಿ ಎಷ್ಟು ಉಳಿದಿದೆ? ಹಳೇ ಟೈರಿನಲ್ಲಿ 37 ಪರ್ಸೆಂಟ್ ಉಳಿಯುತ್ತಿತ್ತು. ಹೊಸದರಲ್ಲಿ 30. ಹೊಸ ಟೈರ್ ಮೊದಮೊದಲು ಜಾಸ್ತಿ ಚಾರ್ಜ್ ಎಳೆಯುತ್ತದೆ, ಮೇಲಿನ ರಬ್ಬರ್ ದಪ್ಪ ಇರುತ್ತದೆ ಅಂತ ಮೂರು ಸಾವಿರ ಕಿ.ಮೀ. ಕಾದೆ. 31 ಆಯಿತು, ಅಷ್ಟೇ. ಪೆಟ್ರೋಲ್ ಕಾರಿನಲ್ಲಿ ಇದು ಗಮನಕ್ಕೇ ಬರುತ್ತಿರಲಿಲ್ಲವೇನೋ. ಅಲ್ಲಿ ಇಂಧನದ ಬಹುಪಾಲು ಬಿಸಿಯಾಗಿ ಹೋಗುತ್ತದೆ, ಟೈರ್ ತಿನ್ನುವುದು ಆ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ. ಇವಿಯಲ್ಲಿ ಖರ್ಚಾಗುವುದೇ ಮುಖ್ಯವಾಗಿ ಗಾಳಿಗೆ ಮತ್ತು ಟೈರಿಗೆ.

ಒಂದು ಭಾನುವಾರ ಪಕ್ಕದ ಈರುಳ್ಳಿ ಮಂಡಿಯ ತಕ್ಕಡಿಯಲ್ಲಿ ಎರಡೂ ವೀಲ್ ತೂಗಿದೆ. ಅಲಾಯ್ ಅಂದರೆ ಹಗುರ ಅಲ್ವಾ? ಹಳೇ ಸ್ಟೀಲ್ ರಿಮ್ ಟೈರ್ ಸಮೇತ ಹದಿಮೂರೂವರೆ ಕೆ.ಜಿ. ಹೊಸ ಅಲಾಯ್ ಟೈರ್ ಸಮೇತ ಹದಿನಾರು. ಮಂಡಿಯವರು ನಕ್ಕರು. ಸೈಜು ದೊಡ್ಡದಾಗಿ, ಅಚ್ಚಿಗೆ ಹೊಯ್ದ ಅಗ್ಗದ ಅಲಾಯ್ ಆದರೆ ಹಗುರ ಅನ್ನುವುದು ಬಾಯಿಮಾತು.

ಎರಡನೇ ಸಲ ತಿರುಗಿಸಿ ಯೋಚಿಸಿದೆ. ಮೊದಲು ಟೈರ್, ಆಮೇಲೆ ರಿಮ್. ಟೈರ್ ಅದೇ 175/65 ಆರ್14, ಲೋಡ್ 82, ಉರುಳುವಾಗ ಕಮ್ಮಿ ಎಳೆಯುವ ಜಾತಿಯದು. ಫ್ರಿಜ್ಜಿಗೆ ಸ್ಟಾರ್ ಕೊಡುವ ಬಿಇಇಯವರೇ ಈಗ ಟೈರಿಗೂ ಸ್ಟಾರ್ ಕೊಡುತ್ತಾರೆ, ಕೇಳಿ ನೋಡಬಹುದು. ಆದರೆ ಸ್ಟಾರ್ ಒಂದನ್ನೇ ನೋಡಿ ಮಳೆಯಲ್ಲಿ ಹಿಡಿಯದ ಟೈರ್ ತರಬೇಡಿ. ಆಕ್ಸಿಲರೇಟರ್ ಒತ್ತಿದ ತಕ್ಷಣ ಮೋಟರ್ ಪೂರ್ತಿ ಬಲ ಕೊಡುವ ಕಾರಿದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಸುಮ್ನೆ ಜಾರುತ್ತದೆ. ರಿಮ್ 14 ಇಂಚಿನ ಅಲಾಯ್. ಈ ಸಲ ಅಂಗಡಿಗೆ ಹೋದವನು ಕೇಳಿದ್ದು ತೂಕ, ಆಫ್‌ಸೆಟ್, ನಡುವಿನ ತೂತು, ಒಳಗಡೆ ಅಚ್ಚೊತ್ತಿದ ಲೋಡ್ ನಂಬರ್. ಬಣ್ಣ ಕೊನೆಗೆ. ಟೈರ್ ಸೇರಿ ಹನ್ನೆರಡೂವರೆ ಕೆ.ಜಿ. ಆಯಿತು. ಗಾಳಿ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟೇ, ಬೆಳಿಗ್ಗೆ ಓಡಿಸುವ ಮುಂಚೆ ನೋಡಿ ಹಾಕುತ್ತೇನೆ. ಕೆಂಗೇರಿಯಲ್ಲಿ ಈಗ 36, 37. ಹಂಪ್‌ನಲ್ಲಿ ಸದ್ದಿಲ್ಲ. ನೆಂಟರು ಕುಟ್ಟಿ ನೋಡಿದರೂ ಅಡ್ಡಿಯಿಲ್ಲ.

15 ಇಂಚಿನ ಸೆಟ್ಟನ್ನು ಅರ್ಧ ಬೆಲೆಗೆ ಒಬ್ಬ ಪೆಟ್ರೋಲ್ ಟಿಯಾಗೊದವರಿಗೆ ಕೊಟ್ಟೆ. ಎಲ್ಲಾ ಹೇಳಿಯೇ ಕೊಟ್ಟೆ, ಉಜ್ಜುವ ವಿಷಯವೂ ಸೇರಿ. ಅವರಿಗೆ ನೋಟ ಇಷ್ಟವಾಗಿತ್ತು. ನಾಲ್ಕೂ ವೀಲ್ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿಕೊಂಡು ಹೊರಟರು. ಗೇಟ್ ಹಾಕಿ ತಿರುಗಿದರೆ ಕಾಂಪೌಂಡ್ ಮೇಲೆ ನಾಲ್ಕು ರಿಂಗ್ ಹಾಗೇ ಇವೆ. ಚಪ್ಪಲಿಯನ್ನೂ ಹಾಕದೆ, "ಸಾರ್, ರಿಂಗು, ರಿಂಗು!" ಅಂತ ಕೂಗಿಕೊಂಡು ರಸ್ತೆ ತಿರುವಿನವರೆಗೆ ಓಡಿದೆ.