ಗೋಡೆ ಬುಡದ ಕೇಪಳ ಕೊನೆಗೂ ಹಸಿರಾಯಿತು

"ಅಲ್ಲಿ ಕೇಪಳ ಬರುವುದಿಲ್ಲ, ಕಿತ್ತು ಬೇರೇನಾದರೂ ನೆಡಿ" ಅಂತ ನೋಡಿದವರೆಲ್ಲ ಹೇಳಿದ್ದರು. ಈಗ ಅದೇ ಗೋಡೆ ಪಕ್ಕ 12 ಗಿಡ ಸೊಂಟದೆತ್ತರ ನಿಂತಿವೆ, ತುದಿತುದಿಗೂ ಗೊಂಚಲು. ಎರಡು ವರ್ಷದ ಮೇಲೇ ಹಿಡಿಯಿತು ಅನ್ನಿ.

ಮೊದಲ ಸಲ ನೆಟ್ಟ 10ರಲ್ಲಿ 7 ಹೋದವು. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂದುಕೊಂಡು ಸಗಣಿ ಗೊಬ್ಬರ ಕೊಟ್ಟೆ, ಆಮೇಲೆ ಯೂರಿಯಾ, ಆಮೇಲೆ ಯಾರೋ ಹೇಳಿದರು ಅಂತ ಬೂದಿಯನ್ನೂ ಹಾಕಿದೆ. ಬೂದಿ ಹಾಕಿದ ಮೇಲಂತೂ ಇನ್ನೂ ಕೆಟ್ಟಿತು. ಸಾರಜನಕ ಕಡಿಮೆಯಾದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ ಅಲ್ವಾ, ಇಲ್ಲಿ ಹಳೇ ಎಲೆ ಚೆನ್ನಾಗೇ ಇತ್ತು. ಅದನ್ನು ಮೊದಲೇ ನೋಡಿದ್ದರೆ ಆ ಗೊಬ್ಬರದ ದುಡ್ಡಲ್ಲಿ ಇನ್ನೊಂದು 20 ಗಿಡ ಬರುತ್ತಿತ್ತು.

ಒಂದು ದಿನ ಬುಡದ ಒಣ ಮಣ್ಣಿಗೆ ವಿನಿಗರ್ ಹನಿಸಿದೆ. ಬುಸ್ಸಂತ ನೊರೆ ಬಂತು, ಅಂದರೆ ಮಣ್ಣಲ್ಲಿ ಸುಣ್ಣ. ಗೋಡೆ ಕಟ್ಟಿದಾಗ ಬಿದ್ದ ಸಿಮೆಂಟ್ ಗಾರೆಯೆಲ್ಲ ಅಲ್ಲೇ ಹೂತಿತ್ತು, ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು ಬೇರೆ. ಸುಣ್ಣ ಜಾಸ್ತಿಯಾದ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಅದಕ್ಕೇ ಚಿಗುರು ಹಳದಿ.

ಬುಡಕ್ಕೆ ಅನ್ನಭೇದಿ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ಹಾಕಿದೆ, ತುಕ್ಕಿನ ಬಣ್ಣ ತಿರುಗಿತೇ ಹೊರತು ಗಿಡಕ್ಕೇನೂ ಆಗಲಿಲ್ಲ. ಅದನ್ನೇ ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಸುಮಾರು 10 ದಿನಕ್ಕೆ ಹಸಿರು ಬಂತು, ಆದರೆ ಮುಂದಿನ ಚಿಗುರು ಮತ್ತೆ ಹಳದಿ. ಅಗ್ಗ ಅಂತ ಇಡಿಟಿಎ ಚೆಲೇಟ್ (ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ಪುಡಿ) ತಂದೆ. ಸುಣ್ಣದ ಮಣ್ಣಲ್ಲಿ ಅದು ನಿಲ್ಲುವುದಿಲ್ಲ, ಆ ದುಡ್ಡೂ ಹೋಯಿತು. ಇನ್ನೊಂದು ಬಗೆಯ ಚೆಲೇಟ್ ಇಡಿಡಿಎಚ್‌ಎ ದುಬಾರಿ, ಆದರೆ ಕೆಲಸ ಮಾಡುವುದು ಅದೇ. ಚಿಟಿಕೆ ಸಾಕು, ಡಬ್ಬಿ ವರ್ಷ ಬರುತ್ತದೆ.

ಆದರೂ ಅಸಲಿ ಕೆಲಸ ಹಾರೆಯದು. ಗೋಡೆಯಿಂದ 2 ಅಡಿ ಬಿಟ್ಟು, ಒಂದೂವರೆ ಅಡಿ ಆಳ ಅಗೆದು ಗಾರೆ ಚೂರನ್ನೆಲ್ಲ ಆರಿಸಿ ತೆಗೆದೆ. ಕೊಳೆತ ಎಲೆಗೊಬ್ಬರ ತುಂಬಿದೆ, ಗುಂಡಿಗೆ ಒಂದು ಹಿಡಿ ಗಂಧಕದ ಪುಡಿ. ಗಂಧಕ ಮಣ್ಣಿನ ಕ್ಷಾರ ಇಳಿಸುತ್ತದೆ, ಆದರೆ ನಿಧಾನ, ನಾಲ್ಕೈದು ತಿಂಗಳು ಸುಮ್ನೆ ಕಾಯಬೇಕು. ಎಲೆಗೊಬ್ಬರಕ್ಕೆ ಇನ್ನೊಂದು ಬೆರೆಸಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೀರು ಮಾತ್ರ ಬದಲಾಯಿಸಲೇಬೇಕು. ಮಳೆನೀರು ಹಿಡಿದಿಟ್ಟೆ, ಮುಗಿದಾಗ ಎಸಿ ಪೈಪಿಂದ ತೊಟ್ಟಿಕ್ಕುವ ನೀರು, ದಿನಕ್ಕೆ ಒಂದು ಬಕೆಟ್ ಹತ್ತಿರ ಸಿಗುತ್ತದೆ. ಅದರಲ್ಲಿ ಸುಣ್ಣವೇ ಇಲ್ಲ, ಖರ್ಚೂ ಇಲ್ಲ. ಒಂದು ಗಿಡಕ್ಕೆ ಬರೀ ಕಾಫಿ ಚರಟ ಹಾಕಿ 6 ತಿಂಗಳು ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಎಲೆಗೊಬ್ಬರ ತುಂಬಿ ಕುಂಡದಲ್ಲಿಟ್ಟದ್ದು ಎಲ್ಲಕ್ಕಿಂತ ಬೇಗ ಚಿಗುರಿತು.

ಹೂ ತುದಿಯಲ್ಲೇ ಬರುವುದರಿಂದ ಬೇಲಿ ಥರ ಪದೇಪದೇ ಕತ್ತರಿಸುವುದು ಬಿಟ್ಟಿದ್ದೇನೆ. ಗೊಂಚಲು ಒಣಗಿದ ಮೇಲೆ ಒಂದೆರಡು ಗೆಣ್ಣು ಕೆಳಗೆ ಕತ್ತರಿಸುತ್ತೇನೆ, ಅಷ್ಟೇ. ಮೂಲೆಯ ಗಿಡ ಇನ್ನೂ ಸ್ವಲ್ಪ ಹಳದಿ. ಅಲ್ಲಿ ಗಾರೆ ಉಳಿದಿರಬೇಕು, ಈ ವಾರ ಮತ್ತೆ ಅಗೆಯುತ್ತೇನೆ.